ಗೋಡೆ ಹತ್ತದ ಐವಿ

ಖಾನಾಪುರದಲ್ಲಿ ನನ್ನ ಮೊದಲ ಬೆಳಗು. ಯಾರದೋ ಕಪಾಳಕ್ಕೆ ಹೊಡೆಯುತ್ತಿರುವಂತೆ ಹಿತ್ತಲಲ್ಲಿ ಫಟ್, ಫಟ್ ಸದ್ದು. ಕಿಟಕಿ ತೆರೆದರೆ ಪಕ್ಕದ ಮನೆಯ ಲಕ್ಷ್ಮೀಬಾಯಿ ನನ್ನ ಹಿತ್ತಲಲ್ಲೇ ನಿಂತು ಗೋಡೆಗೆ ಶೇಣಿ ತಟ್ಟುತ್ತಿದ್ದಳು. ನಮ್ಮ ಸಗಣಿ ಕುಳ್ಳಿಗೆ, ಅಂದರೆ ಬೆರಣಿಗೆ, ಇಲ್ಲಿ ಹೆಚ್ಚಿನವರು ಮರಾಠಿಯ ಈ ಹೆಸರನ್ನೇ ಹೇಳುತ್ತಾರೆ. ಎರಡು ಮನೆಯ ಹಿತ್ತಲಿಗೂ ನಡುವೆ ಅದೊಂದೇ ಗೋಡೆ. ಬಿಸಿಲು ಬೀಳುವುದು ನನ್ನ ಕಡೆಗೆ ಮಾತ್ರ.

"ಗಾಬರಿ ಆದ್ರೇನ್ರಿ ಬಾಯಾರ? ಚಾ ಆತಿಲ್ರಿ?"

ಬೆಳಗಾವಿಯ ಗೆಳತಿಯರೇ, ನಮ್ಮ ಕಂಟೋನ್ಮೆಂಟ್ ಕ್ಯಾಂಪಿನಲ್ಲಿ ನಾವು ಗೇಟಿನ ಬೆಲ್ ಒತ್ತಿ, 'ಮೇ ಐ ಕಮ್ ಇನ್?' ಎಂದು ಕೇಳಿ ಬೆಳೆದವರು. ಅಲ್ಲಿಯ ಬಾಡಿಗೆ ಮನೆಯನ್ನು ಮಾಲೀಕರು ಕೆಡವಲು ಹೊರಟಾಗ, ಅದರ ಹಳೇ ಗೋಡೆಯ ಐವಿಯಿಂದ ಹೂಬಿಟ್ಟ ತುದಿಯೊಂದನ್ನು ಮುರಿದುಕೊಂಡು ಇಲ್ಲಿಗೆ ಬಂದಿದ್ದೆ.

ಬರಬೇಡಿ ಎನ್ನಲು ಕಾನ್ವೆಂಟ್ ಮ್ಯಾನರ್ಸ್ ಬಿಡಲಿಲ್ಲ. "ಈ ಗೋಡೆಗೆ ಐವಿ ಬಳ್ಳಿ ಹಬ್ಬಸತೀನ್ರಿ. ಇಬ್ಬರಿಗೂ ಬ್ಯೂಟಿಫುಲ್ ಕಾಣತದ" ಎಂದೆ.

ಆಕೆ ನಂಬಿದಳು. ಅಂದೇ ಗೋಡೆ ತೊಳೆದು, ಮೊಳೆ ಹೊಡೆದು, ಬಳ್ಳಿ ಏರಲೆಂದು ಸುತಳಿ ಕಟ್ಟಿಕೊಟ್ಟಳು. ಮರುದಿನದಿಂದ ಸಗಣಿ ಬುಟ್ಟಿ ಹೊತ್ತು, ನೋಯುವ ಮೊಣಕಾಲೆಳೆಯುತ್ತ, ಶೇಣಿ ತಟ್ಟಲು ಹೊಳೆದಂಡೆಗೆ ಹೋಗತೊಡಗಿದಳು.

ಐವಿ ಚಿಗುರಿತು. ದುಂಡನೆಯ ಪೊದೆಯಾಯಿತು, ಹೂವನ್ನೂ ಬಿಟ್ಟಿತು. ಗೋಡೆಯನ್ನು ಮಾತ್ರ ಮುಟ್ಟಲಿಲ್ಲ. ಗಾರ್ಡನಿಂಗ್ ಪುಸ್ತಕ ತೆಗೆದು ನೋಡಿದೆ: ಹೂಬಿಡುವ ವಯಸ್ಸಿಗೆ ಬಂದ ಕೊಂಬೆ ಹತ್ತುವುದನ್ನು ಬಿಟ್ಟುಬಿಡುತ್ತದೆ, ಅದರ ಕಡ್ಡಿ ನೆಟ್ಟರೆ ಕೊನೆಯವರೆಗೂ ಪೊದೆಯೇ.

ಆಕೆಗೆ ಇದನ್ನು ಹೇಳಲಿಲ್ಲ. ಲಕ್ಷ್ಮೀಬಾಯಿಯೇ ದಿನಾ ಗೋಡೆಯ ಮೇಲಿಂದ ಇಣುಕಿ ಸಮಾಧಾನ ಮಾಡುತ್ತಿದ್ದಳು: "ಈಗ ಥಂಡಿ ಐತ್ರಿ. ಬ್ಯಾಸಿಗ್ಯಾಗ ಏರತೈತಿ, ನೋಡ್ರಿ."

ಒಂದು ದಿನ ಬುಟ್ಟಿ ಹೊತ್ತವಳು ನನ್ನ ಗೇಟಿನ ಮುಂದೆಯೇ ಮೊಣಕಾಲು ಹಿಡಿದು ಕುಳಿತುಬಿಟ್ಟಳು. ನಾನು ಓಡಿಹೋಗಿ ಬುಟ್ಟಿ ಇಳಿಸಿಕೊಂಡೆ.

"ಅದು ಏರೂದಿಲ್ರಿ. ನೀವು ಹಿತ್ತಲಕ್ಕ ಬರೂದು ನನಗ ಬ್ಯಾಡಾಗಿತ್ತು. ಬಳ್ಳಿ ಅಂತ ನೆವಾ ಹೇಳಿದೆ. ಸಾರಿ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊದಲ ಹೇಳಿದ್ರ ನಾ ಏನ್ ನಿಮ್ಮನ್ನ ತಿಂತಿದ್ನೇನ್ರಿ? ಖರೇ ಅಂದ್ರ, ನಾ ಆ ಸುತಳಿಗೆ ದಿನಾ ನೀರ ಹೊಡದೇನಿ, ಬಳ್ಳಿಗೆ ತಂಪಿರಲಿ ಅಂತ."

ನಾನೇ ಕರೆದ ಮೇಲೆ ಗೋಡೆ ಮತ್ತೆ ಶೇಣಿಯಿಂದ ತುಂಬಿದೆ. ಒಂದೊಂದರ ಮೇಲೂ ಆಕೆಯ ಬೆರಳಚ್ಚು. ಅದರ ಮುಂದೆ ನನ್ನ ಐವಿ ಪೊದೆ ಕ್ಯಾಂಪಿನ ಮನೆಗಳ ಕುಂಡದ ಗಿಡದಂತೆ ಡೀಸೆಂಟಾಗಿ ನಿಂತಿದೆ. ಆದರೆ ಲಕ್ಷ್ಮೀಬಾಯಿ ಈಗ ನೇರ ಬರುವುದಿಲ್ಲ. ಬುಟ್ಟಿ ಇಳಿಸಿ ಗೇಟಿನ ಹೊರಗೇ ನಿಂತು ಕೇಳುತ್ತಾಳೆ:

"ಒಳಗ ಬರಲೇನ್ರಿ ಬಾಯಾರ?"

ಬರ್ರಿ, ಎನ್ನುತ್ತೇನೆ. ದಿನಾ ಕೇಳುತ್ತಾಳೆ.