ಅಕ್ಕೋರು ನಿಲ್ಲಿಸುತ್ತಿದ್ದ ಸಾಲು

ನಮ್ಮ ಎದುರು ಮನೆಯ ಅಕ್ಕೋರ ಎಡಗಣ್ಣಿನ ರೆಪ್ಪೆ ಅರ್ಧಕ್ಕೇ ಇಳಿದು ನಿಂತಿರುತ್ತಿತ್ತು. ಹುಟ್ಟಿನಿಂದಲೂ ಹಾಗೆಯೇ ಇತ್ತಂತೆ. ಸಿಂದಗಿಯ ಸಾಲೆಯಲ್ಲಿ ಅವರ ಕೈಯಲ್ಲಿ ಕಲಿತವರು ಈಗಲೂ ಆ ಕಣ್ಣಿನ ಮಾತಾಡುತ್ತಾರೆ. ಅಕ್ಕೋರಿಗೆ ತೂಕಡಿಕೆ ಬಂದಿದೆ ಎಂದು ಪಕ್ಕದವರ ಪಾಟಿ ನೋಡಿ ಬರೆಯಲು ಹೋದರೆ ಆ ಅರ್ಧ ಕಣ್ಣೇ ಮೊದಲು ಹಿಡಿಯುತ್ತಿತ್ತು. ಅವರು ಹೊಡೆಯುತ್ತಿರಲಿಲ್ಲ. "ನೋಡಿ ಬರಿ ಬೇಕಾದ್ರ, ಆದರ ತಿಳಕೊಂಡು ಬರಿ" ಎನ್ನುತ್ತಿದ್ದರು.

ನಮ್ಮ ಓಣಿಯಲ್ಲಿ ಅವರದೊಂದೇ ಕ್ರೈಸ್ತರ ಮನೆ. ಗಂಡ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ಮಗಳು. ದಿನಾ ದೀಪ ಹಚ್ಚುವ ಹೊತ್ತಿಗೆ ತಾಯಿ ಮಗಳು ಗೋಡೆಯ ಮೇಲಿನ ಕಟ್ಟಿಗೆಯ ಶಿಲುಬೆಯ ಮುಂದೆ ಕುಳಿತು ಪ್ರಾರ್ಥನೆ ಹೇಳುತ್ತಿದ್ದರು. ಅದು ನಮ್ಮ ಕಟ್ಟೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೇಳಿ ಕೇಳಿ ನಮಗೂ ಬಾಯಿಪಾಠವಾಗಿತ್ತು. ನನ್ನ ಅವ್ವ ಒಮ್ಮೆ ಚೇಷ್ಟೆಗೆ, "ಅಕ್ಕೋರ, ನಿಮ್ಮ ದೇವರಿಗೆ ಹೂವಿಲ್ಲ, ಕಾಯಿಲ್ಲ, ಖರ್ಚೇ ಇಲ್ಲ ನೋಡ್ರಿ" ಎಂದಳು.

ಅಕ್ಕೋರು ನಕ್ಕರು. "ಖರ್ಚಿಲ್ಲ ಅಂತ ಯಾರ ಹೇಳಿದ್ರಿ? ಅಂವಾ ಮನಸ್ಸ ಪೂರ್ತಾ ಕೇಳ್ತಾನ."

ಆ ಮಾತಿನ ಭಾರ ನಮಗೆ ಆಗ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಮಗಳು ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಬಂದು ನರ್ಸಿಂಗ್ ಓದುತ್ತಿದ್ದಳು. ಗೆಳತಿಯ ಮದುವೆಗೆಂದು ಇಂಡಿಗೆ ಹೋದವಳು ತಿರುಗಿ ಬರುವಾಗ ಬಸ್ಸು ತಪ್ಪಿತೆಂದು ಟಂಟಂ ರಿಕ್ಷಾ ಹತ್ತಿದಳು. ಕಬ್ಬು ಹೇರಿಕೊಂಡಿದ್ದ ಟ್ರ್ಯಾಕ್ಟರನ್ನು ದಾಟಲು ಹೋಗಿ ಟಂಟಂ ಮಗುಚಿ ಬಿತ್ತು. ಉಳಿದವರಿಗೆಲ್ಲ ಕೈಕಾಲು ಮುರಿಯಿತು. ಅವಳೊಬ್ಬಳು ಉಳಿಯಲಿಲ್ಲ.

ಟಂಟಂ ಓಡಿಸುತ್ತಿದ್ದವನು ಕನ್ನೊಳ್ಳಿಯ ಹುಡುಗ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಜಾಮೀನಿನ ಮೇಲೆ ಹೊರಬಂದ ಮೇಲೆ, ತಾಯಿಯನ್ನು ಕರೆದುಕೊಂಡು ಅಕ್ಕೋರ ಮನೆಗೆ ಬಂದ. ನಾನು ನಮ್ಮ ಕಟ್ಟೆಯ ಮೇಲೆ ಕುಳಿತು ಕಾಲೇಜಿನ ಓದು ಓದುತ್ತಿದ್ದೆ. ಕುಂಟುತ್ತ ಬಂದವನು ಹೊಸ್ತಿಲ ಹೊರಗೇ ನಿಂತು, "ತಪ್ಪಾತ್ರೀ ಅಕ್ಕೋರ" ಎಂದ.  ಅಕ್ಕೋರು ಅವನ ಮುಖ ನೋಡಲಿಲ್ಲ. ಅವನ ತಾಯಿಗೆ, "ಇವನ್ನ ಕರಕೊಂಡು ಹೋಗ್ರಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ಅವರಿಬ್ಬರೂ ಮುಚ್ಚಿದ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತಿದ್ದರು.

ಓಣಿಯವರು ಅವರವರಿಗೆ ತೋಚಿದ್ದು ಆಡಿದರು. ಒಬ್ಬ ಹೆಂಗಸು ಅಕ್ಕೋರ ಮುಖಕ್ಕೇ ಕೇಳಿದಳು: "ಇಷ್ಟು ಪ್ರಾರ್ಥನಾ ಮಾಡ್ತಿದ್ರಿ, ನಿಮ್ಮ ದೇವರು ಯಾಕ ಕಾಯಲಿಲ್ಲ?"

ಅಕ್ಕೋರು ಸಿಟ್ಟಾಗಲಿಲ್ಲ. "ನಾನೂ ಅದನ್ನ ಕೇಳಾಕತ್ತೇನ್ರಿ ಅವಂಗ. ಇನ್ನೂ ಏನೂ ಹೇಳಿಲ್ಲ" ಎಂದರು.

ಸಂಜೆಯ ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. ಈಗ ಒಂದೇ ದನಿ ಕೇಳುತ್ತಿತ್ತು. ಆದರೆ ಅದರಲ್ಲಿ ಒಂದು ಸಾಲು ಬಿಟ್ಟುಹೋಗುತ್ತಿತ್ತು. ನಮಗೆ ಕೇಡು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ, ಹಾಗೆಯೇ ನೀನೂ ನಮ್ಮನ್ನು ಕ್ಷಮಿಸು ಎಂದು ದೇವರನ್ನು ಕೇಳಿಕೊಳ್ಳುವ ಜಾಗ ಅದು. ಅಲ್ಲಿಗೆ ಬಂದರೆ ದನಿ ನಿಂತುಬಿಡುತ್ತಿತ್ತು. ಸ್ವಲ್ಪ ತಡೆದು ಮುಂದಿನ ಸಾಲಿನಿಂದ ಹೊರಡುತ್ತಿತ್ತು. ಮೊದಮೊದಲು ದುಃಖಕ್ಕೆ ಗಂಟಲು ಕಟ್ಟಿದೆ ಎಂದುಕೊಂಡೆ. ದಿನಾ ಅಲ್ಲಿಯೇ ಕಟ್ಟುವುದನ್ನು ಕಂಡು, ಒಂದು ದಿನ ಪಲ್ಯ ಕೊಡಲು ಹೋದಾಗ ಕೇಳಿಯೇಬಿಟ್ಟೆ.

"ಆ ಮಾತು ನನ್ನ ಬಾಯಾಗ ಸುಳ್ಳಾಗ್ತೈತಿ ತಂಗಿ" ಎಂದರು ಅಕ್ಕೋರು. "ಆ ಹುಡುಗನ್ನ ನಾ ಕ್ಷಮಿಸಿಲ್ಲ. ಕ್ಷಮಿಸೇನಿ ಅಂತ ದೇವರ ಮುಂದ ಹ್ಯಾಂಗ ಹೇಳ್ಲಿ? ಬ್ಯಾರೇದವರ ಮುಂದ ಸುಳ್ಳ ಹೇಳಬಹುದು. ಅವನ ಮುಂದ ಬರೂದಿಲ್ಲ."

"ಹಂಗಾದ್ರ ಸ್ವಲ್ಪ ದಿನ ಪ್ರಾರ್ಥನಾನ ಬಿಟ್ಟಬಿಡ್ರಿ ಅಕ್ಕೋರ."

"ಮನಿಯವರ ಮ್ಯಾಲೆ ಸಿಟ್ಟು ಬಂತಂತ ಮನೀನ ಬಿಟ್ಟು ಹೋಗ್ತಾರೇನು? ಮಾತು ಬಿಟ್ಟರೂ ಊಟಕ್ಕ ಅಲ್ಲೇ ಕುಂದರಬೇಕು."

ನಾನು ದೇವರನ್ನು ನಂಬಿದವರೆಂದರೆ ಗಟ್ಟಿ ಮನಸ್ಸಿನವರು, ಅವರಿಗೆ ಸಂಶಯವೇ ಬರುವುದಿಲ್ಲ ಎಂದು ತಿಳಿದಿದ್ದೆ. ಅಕ್ಕೋರು ಹಾಗಿರಲಿಲ್ಲ. ಕೆಲವು ದಿನ ಕೈಯಲ್ಲಿ ಬೈಬಲ್ ಹಿಡಿದು ಒಂದೇ ಪುಟ ನೋಡುತ್ತ ಕುಳಿತಿರುತ್ತಿದ್ದರು. ರವಿವಾರ ಚರ್ಚಿಗೆ ಹೋದರೂ ಮುಂದಿನ ಬೆಂಚು ಬಿಟ್ಟು ಬಾಗಿಲ ಹತ್ತಿರ ಕೂರುತ್ತಿದ್ದರಂತೆ. ಚರ್ಚಿನ ಸಭಾಪಾಲಕರು ಸಮಾಧಾನ ಹೇಳಲು ಬಂದಾಗ, "ಸಮಾಧಾನ ಬ್ಯಾಡ್ರಿ, ಆ ಹುಡುಗನ ಹೆಸರು ತಗೊಂಡು ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ. ನನಗ ಅವನ ಹೆಸರ ಹೇಳಾಕ ಆಗವಲ್ದು" ಎಂದರಂತೆ.

ಹೀಗೇ ಎರಡು ಸುಗ್ಗಿ ಕಳೆದವು. ಒಂದು ಸಂಜೆ ನಾನು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಎದುರು ಮನೆಯಿಂದ ಪ್ರಾರ್ಥನೆ ಕೇಳುತ್ತಿತ್ತು. ಆ ಜಾಗಕ್ಕೆ ಬಂದು ದನಿ ಎಂದಿನಂತೆ ನಿಂತಿತು. ಆಮೇಲೆ, ಬಹಳ ಸಣ್ಣಗೆ, ಅಕ್ಕೋರು ಆ ಸಾಲನ್ನು ಹೇಳಿದರು. ಅವ್ವ ಒಳಗಿನಿಂದ ಬಂದು ನನ್ನ ಮುಖ ನೋಡಿದಳು. ಅವಳೂ ದಿನಾ ಕೇಳುತ್ತಿದ್ದಳೆಂದು ನನಗೆ ಆಗಲೇ ತಿಳಿದದ್ದು.

ಮರುದಿನ ಬೆಳಿಗ್ಗೆ ಅಕ್ಕೋರು ಇಸ್ತ್ರಿ ಸೀರೆ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. "ತಂಗಿ, ನಿನ್ನ ಗಾಡಿ ಮ್ಯಾಲೆ ಕನ್ನೊಳ್ಳಿಗೆ ಕರಕೊಂಡು ಹೋಗ್ತೀಯೇನು? ದೇವರಿಗೆ ಹೇಳೇನಿ. ಅವಂಗ ಹೇಳಬೇಕು."

ಹುಡುಗನ ತಾಯಿ ಮನೆಯ ಮುಂದೆ ತೊಗರಿ ಹಸನು ಮಾಡುತ್ತಿದ್ದಳು. ಅಕ್ಕೋರನ್ನು ಗುರುತು ಹಿಡಿದು ಗಡಬಡಿಸಿ ಎದ್ದಳು. ಕಂಬಳಿ ಹಾಸಿದಳು. ಅಕ್ಕೋರು ಕುಳಿತುಕೊಳ್ಳದೆ, "ನಿಮ್ಮ ಮಗ ಎಲ್ಲಿ ಅದಾನ?" ಎಂದು ಕೇಳಿದರು.

"ಇಲ್ರಿ. ಹೋದ ಶ್ರಾವಣದಾಗ ಹೋಗಿಬಿಟ್ಟ. ಟಂಟಂ ಮುಟ್ಟಲಿಲ್ಲ ಮತ್ತ. ಕುಡಿಯಾಕ ಹತ್ತಿದ. ಕಾಮಣಿ ಆತು, ಕಣ್ಣು ಮೈ ಎಲ್ಲಾ ಹಳದಿ ಆದವು, ಉಳೀಲಿಲ್ಲ."

ಅಕ್ಕೋರು ಅಲ್ಲಿಯೇ ನೆಲದ ಮೇಲೆ ಕುಳಿತರು. 

"ಯಾಕ ಬಂದಿದ್ರಿ ಅಕ್ಕೋರ?" ಎಂದಳು ಆ ತಾಯಿ.

"ಅವನ ಮ್ಯಾಲೆ ನನಗ ಸಿಟ್ಟಿಲ್ಲ ಅಂತ ಹೇಳಾಕ ಬಂದಿದ್ದೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೇಳಿದ್ರ ಅವಂಗ ಛಲೋ ಅನಸ್ತಿತ್ತು" ಎಂದು ಚಹಾ ಇಡಲು ಒಳಗೆ ಹೋದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಅಕ್ಕೋರಿಗೆ ಹೆಚ್ಚು ತಾಗಿತೇನೋ.

ತಿರುಗಿ ಬಂದೆವು. ಮನೆಯ ಹತ್ತಿರ ಇಳಿಯುವಾಗ ನಾನು, "ದೇವರು ನಿಮ್ಮನ್ನ ಕ್ಷಮಿಸ್ತಾನ ಬಿಡ್ರಿ ಅಕ್ಕೋರ" ಎಂದೆ.

"ಕ್ಷಮಿಸ್ಯಾನ. ಅದರಾಗ ನನಗ ಸಂಶೇ ಇಲ್ಲ" ಎಂದರು. "ಆದರ ಆ ಕೂಸು ಬಾಗಲಾಗ ನಿಂತಿತ್ತಲ್ಲ ತಂಗಿ. ನಾ ಕದಾ ಹಾಕಿದೆ."

ಆಮೇಲೆ ಅವರು ಕನ್ನೊಳ್ಳಿಗೆ ಹೋಗುತ್ತಲೇ ಇದ್ದರು. ಆ ತಾಯಿಗೆ ಕಣ್ಣಿನ ಆಪರೇಷನ್ ಆದಾಗ ಅವಳು ಅಕ್ಕೋರ ಮನೆಯಲ್ಲೇ ಉಳಿದಿದ್ದಳು. ಇಬ್ಬರೂ ಮಕ್ಕಳ ಮಾತಾಡುವುದು ಕಡಿಮೆ. ಸಂಜೆ ಅಕ್ಕೋರು ಪ್ರಾರ್ಥನೆಗೆ ಕುಳಿತರೆ ಅವಳು ಪಕ್ಕದಲ್ಲಿ ವಿಭೂತಿ ಹಚ್ಚಿಕೊಂಡು ಕೈಮುಗಿದು ಕುಳಿತಿರುತ್ತಿದ್ದಳು. ದುಃಖ ಹೋಯಿತು ಎಂದು ಅಕ್ಕೋರು ಎಂದೂ ಹೇಳಲಿಲ್ಲ. ನಂಬಿಕೆಯನ್ನು ಅವರು ಔಷಧಿಯಂತೆ ಬಳಸಲಿಲ್ಲ.

ನಾನು ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದೆ. ಹೋದ ವರ್ಷ ಅಕ್ಕೋರಿಗೆ ಕಿಡ್ನಿ ಕೆಟ್ಟಿದೆ ಎಂದು ತಿಳಿದು ಹೋದೆ. ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದರು. ಏನು ಹೇಳಬೇಕೆಂದು ತೋಚದೆ, "ಮಗಳು ನಿಮ್ಮ ದಾರಿ ಕಾಯ್ತಿರತಾಳ್ರಿ" ಎಂದೆ.

"ಅಕಿ ಕಾದರೂ ನಡೀತೈತಿ, ನನ್ನ ಮಗಳು" ಎಂದರು. "ನಾ ಮೊದಲ ಆ ಹುಡುಗನ್ನ ಹುಡುಕಬೇಕು."

ಮತ್ತೆ ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಲು ಒಯ್ಯುತ್ತಿದ್ದರು. ಕನ್ನೊಳ್ಳಿಯ ತಾಯಿ ಬಂದಿದ್ದಳು. ಎಲ್ಲ ಮುಗಿದು ಜನ ಚದುರಿದ ಮೇಲೆ ನನ್ನ ಹತ್ತಿರ ಬಂದು, "ಕಡೀಕ ಏನಂದ್ರು ಅಕ್ಕೋರು?" ಎಂದು ಕೇಳಿದಳು. ನಾನು ಆ ಮಾತನ್ನು ಹೇಳಿದೆ.

ಅವಳು ಬಗ್ಗಿ ಹಸಿ ಮಣ್ಣನ್ನು ಕೈಯಿಂದ ಸವರಿ ಸಮ ಮಾಡಿದಳು.

"ಹುಡುಕಬೇಕಾಗ್ತೈತ್ರಿ" ಎಂದಳು. "ಅವಂಗ ಸಂಕೋಚ ಭಾಳ. ತಾನಾಗೇ ಮುಂದ ಬರಾಂವಲ್ಲ."