ಚಹಾಕ್ಕಿಂತ ಮೊದಲಿನ ಬಿಸಿನೀರು

ಒಂದು ಬಕೆಟ್ ಬಿಸಿನೀರು. ಸೊಲ್ಲಾಪುರದ ಧರೆಪ್ಪ ತನ್ನ ತಾಯಿ ಅಕ್ಕನಾಗಮ್ಮನಿಗೆ ಕೊಡಬೇಕಾಗಿದ್ದ ಬಾಕಿ ಅಷ್ಟೇ. ಅದು ಇವತ್ತಿಗೂ ತೀರಿಲ್ಲ.

ಧರೆಪ್ಪ ಕಾಲೇಜಿನ ಲೈಬ್ರರಿಯಲ್ಲಿ ಗುಮಾಸ್ತ. ಹೆಂಡತಿ ಕುಮುದಿನಿಗೆ ಬ್ಯಾಂಕಿನ ನೌಕರಿ. ತಮ್ಮ ಹಳ್ಳಿ ಕರಜಗಿಯಿಂದ ಬಂದು ಅವರ ಜೊತೆಗಿದ್ದ ಅಕ್ಕನಾಗಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡ ಮೇಲೆ ಹಗಲು ಹೊತ್ತು ಆಕೆಯನ್ನು ನೋಡುವವರಿಲ್ಲದಾಯಿತು. ೧೯೯೮ರ ದೀಪಾವಳಿ ಮುಗಿಸಿ ಧರೆಪ್ಪ ಆಕೆಯನ್ನು ಅಕ್ಕಲಕೋಟದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ. ಅದರಲ್ಲಿ ತಪ್ಪೇನಿಲ್ಲ. ಎದ್ದು ಓಡಾಡಲಾರದ ಮುದುಕಿಯನ್ನು ಒಳಗೆ ಬಿಟ್ಟು ಹೊರಗೆ ಕೀಲಿ ಜಡಿದು ಹೋಗುವುದಕ್ಕಿಂತ ಅದೇ ಲೇಸು. ಆದರೆ ಓಣಿಯಲ್ಲಿ ವೃದ್ಧಾಶ್ರಮ ಎಂಬ ಮಾತು ಅವನ ಬಾಯಿಂದ ಹೊರಬೀಳಲಿಲ್ಲ.

“ಎಲ್ಲಿ ಹೋಗ್ಯಾಳೋ ನಿಮ್ಮವ್ವ? ಕಾಣವಲ್ಲಳು?” ಎಂದು ಎದುರುಮನೆಯ ಖಂಡಪ್ಪ ಕೇಳಿದ.

“ಅಕ್ಕಲಕೋಟಕ್ಕ ರೀ ಕಾಕಾ. ಅಲ್ಲಿ ಸ್ವಾಮಿ ಮಠದಾಗ ಸೇವಾಕ ಕೂತಾಳ.”

“ಟೊಂಕ ಮುರದಾಕಿ ಏನ್ ಸೇವಾ ಮಾಡ್ತಾಳಲೇ? ಸ್ವಾಮಿನೇ ಆಕೀದು ಮಾಡ್ಬೇಕು!”

ಧರೆಪ್ಪ ಹಲ್ಲು ಕಿರಿದು ಸೈಕಲ್ ಹತ್ತಿದ.

ಸೇರಿಸಿದ ದಿನ ಆಶ್ರಮದ ವ್ಯವಸ್ಥಾಪಕ ದಾಮೋದರರಾವ್, ಸರಕಾರಿ ಎಸ್ಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವ, ಎದುರಿಗೆ ಕೂಡಿಸಿಕೊಂಡು ಕೇಳಿದ್ದ: “ಅಜ್ಜೀದು ಏನರ ಖಾಸ್ ಅದನ್ರಿ? ಊಟದ್ದು, ಪೂಜಾದ್ದು?”

“ಏನಿಲ್ರಿ ಸಾಹೇಬ್. ಎಲ್ಲಾ ನಡೀತದ. ಹೊಂದ್ಕೊಂತಾಳ.”

ಬಸ್ಸಿಗೆ ಹೊತ್ತಾಗಿತ್ತು. ಅದೂ ಅಲ್ಲದೆ ತಕರಾರಿನ ಮುದುಕಿ ಎಂದು ತಿಳಿದು ಜಾಗ ಇಲ್ಲ ಅಂದುಬಿಟ್ಟರೆ ಎಂಬ ಅಂಜಿಕೆ. ಹೇಳಬೇಕಾದದ್ದು ಒಂದೇ ಮಾತಿತ್ತು. ಅಕ್ಕನಾಗಮ್ಮ ಹರೆಯಕ್ಕೆ ಬಂದಾಗಿನಿಂದ ನಸುಕಿನಲ್ಲಿ ಜಳಕ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಎಡಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕಿದವಳಲ್ಲ. ಟೊಂಕ ಮುರಿದು ದವಾಖಾನೆಯಲ್ಲಿ ಮಲಗಿದ್ದಾಗಲೂ ಕುಮುದಿನಿ ಬಿಸಿನೀರಿನಲ್ಲಿ ಮೈ ಒರೆಸಿ, ಪೂಜೆ ಮುಗಿದ ಮೇಲೇ ಚಹಾ ಕೊಡುತ್ತಿದ್ದಳು. ಸ್ಟೋವ್ ಹಚ್ಚಿ ಆ ನೀರು ಕಾಯಿಸಿ ಒಯ್ಯುತ್ತಿದ್ದವನು ಇದೇ ಧರೆಪ್ಪ.

ಮರುವರ್ಷ ವಿಶ್ವಸಂಸ್ಥೆ ಸಾರಿದ ವೃದ್ಧರ ವರ್ಷ. ಕಾಲೇಜಿನಲ್ಲಿ ಸಭೆ. ಧರೆಪ್ಪ ಲೈಬ್ರರಿಗೆ ಬರುವ ಪರದೇಶದ ಪತ್ರಿಕೆಗಳನ್ನು ತಿಂಗಳುಗಟ್ಟಲೆ ಕೆದಕಿ ಒಂದು ಭಾಷಣ ಕಟ್ಟಿದ. ಸ್ವೀಡನ್ನಿನಲ್ಲಿ ಮುದುಕರ ಹೊಣೆ ಊರಿನ ನಗರಸಭೆಯದು. ಡೆನ್ಮಾರ್ಕಿನಲ್ಲಿ ಮುದುಕರು ತಮ್ಮ ಮನೆಯ ಕುರ್ಚಿ, ಕಪಾಟುಗಳ ಸಮೇತ ಹೊಸ ಕೋಣೆಗೆ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಎಷ್ಟೋ ಜನ ಆಶ್ರಮದ ಖರ್ಚಿಗೆಂದು ಇದ್ದ ಮನೆ ಮಾರಬೇಕು. ಜಪಾನಿನಲ್ಲಿ ಭಾರವೆಲ್ಲ ಸೊಸೆಯ ಹೆಗಲಿಗೆ, ಅದನ್ನು ಇಳಿಸಲು ಈಗ ಕಾಯಿದೆ ಬಂದಿದೆ. ಇಷ್ಟೆಲ್ಲ ಹೇಳಿ ಕೊನೆಗೆ ದನಿ ಏರಿಸಿದ: “ಒಳ್ಳೆಯ ಆಶ್ರಮದ ಗುರುತು ಕಟ್ಟಡವಲ್ಲ. ಬಂದವರನ್ನು ಅಲ್ಲಿ ಮೊದಲು ಕೇಳುತ್ತಾರೆ: ಮನೆಯಲ್ಲಿ ಎದ್ದ ಮೇಲೆ ನೀವು ಮೊದಲು ಏನು ಮಾಡುತ್ತಿದ್ದಿರಿ? ನಮ್ಮ ದೇಶದಲ್ಲಿ ಇದನ್ನು ಕೇಳುವವರೇ ಇಲ್ಲ!”

ಚಪ್ಪಾಳೆಯೋ ಚಪ್ಪಾಳೆ. ಹೆಗಲಿಗೆ ಶಾಲು ಬಿತ್ತು. ಕೇಳುವವರೇ ಇಲ್ಲ ಎಂದದ್ದು ಸುಳ್ಳೆಂದು ಅವನಿಗೇ ಹೊಳೆಯಲಿಲ್ಲ.

ಆದಿತ್ಯವಾರ ಶಾಲು ತೋರಿಸಲೆಂದು ಅಕ್ಕಲಕೋಟಕ್ಕೆ ಹೋದ. ಹಬ್ಬ ಹುಣ್ಣಿಮೆಗೊಮ್ಮೆ ಬಂದು, ನಿಂತ ಕಾಲಲ್ಲೇ ಮಾತಾಡಿಸಿ ಹೋಗುತ್ತಿದ್ದವನು ಅವತ್ತು ಶಾಲು ಹೊದಿಸಲು ಬಗ್ಗಿದ. ತಾಯಿಯ ಕೊರಳು ಬರಿದಾಗಿತ್ತು.

“ಅವ್ವಾ, ಕರಡಿಗಿ ಎಲ್ಲಿ?”

“ಟ್ರಂಕಿನ್ಯಾಗ.”

“ಯಾಕ?”

“ಆರಕ್ಕ ಚಹಾ ಕೊಡ್ತಾರ, ಅದರ ಸಂಗಾಟ ಗುಳಿಗಿ. ಜಳಕದ ಪಾಳಿ ಹತ್ತರ ಮ್ಯಾಗ. ಮೊದಮೊದಲು ಅಲ್ಲೀತನಾ ಉಪಾಸ ಕೂತೆ. ಹಟಮಾರಿ ಮುದುಕಿ ಅಂದ್ರು. ಒಂದಿನ ಕಣ್ಣಿಗಿ ಕತ್ತಲಿ ಬಂದು ಬಿದ್ದೆ. ಆಮ್ಯಾಗ ಕುಡದೆ. ಎಂಜಲ ಬಾಯಿಲೆ ಲಿಂಗ ಹ್ಯಾಂಗ ಹಿಡೀಲೋ?”

“ನನಗ್ಯಾಕ ಹೇಳಲಿಲ್ಲವ್ವಾ?”

ಆಕೆ ಅವನನ್ನೇ ನೋಡಿದಳು. “ನಿನಗ ಗೊತ್ತಿದ್ದಿಲ್ಲೇನು?”

ಧರೆಪ್ಪ ಎದ್ದು ದಾಮೋದರರಾವ್ ಹತ್ತಿರ ಓಡಿದ. ಹೇಳಿ ಮುಗಿಸುವುದರೊಳಗೆ ಆ ಮನುಷ್ಯ ಹಣೆ ಚಚ್ಚಿಕೊಂಡ. “ಅಯ್ಯ ದೇವಾ, ಇಷ್ಟೇ ಏನ್ರಿ? ಚಹಾ ಕುದಿಯೂದಕ್ಕಿಂತ ಮೊದಲೇ ಒಲಿ ಹಚ್ತೀವಿ. ಒಂದು ಬಕೆಟ್ ನೀರು ಕಾಸೂದು ಏನ್ ದೊಡ್ಡ ಮಾತು? ನಾಳಿಗಿಂದ ಕೊಡ್ತೀವಿ. ಮತ್ತ ನಾ ಕೇಳಿದ್ದೆನಲ್ರಿ ನಿಮಗ?”

ಹೌದು, ಕೇಳಿದ್ದ. ಈ ದೇಶದಲ್ಲಿ ಯಾರೂ ಕೇಳುವುದಿಲ್ಲ ಎಂದಿದ್ದ ಪ್ರಶ್ನೆಯನ್ನು ಅಕ್ಕಲಕೋಟದ ಕಂಡಕ್ಟರ್ ಕೇಳಿದ್ದ. ಉತ್ತರ ನುಂಗಿದವನು ಧರೆಪ್ಪ.

ನಾಳೆಯಿಂದ ನೀರು ಸಿಗುತ್ತದೆ ಎಂದು ಬಂದು ಹೇಳಿದರೆ ಮುದುಕಿ ತಲೆ ಅಲ್ಲಾಡಿಸಿದಳು. “ನೀರು ಬಂದ್ರ ಆತೇನು? ನೇಮ ಮುರದೀನಿ. ಕರಜಗಿ ಮಠದ ಅಯ್ಯನೋರನ್ನ ಕರಕೊಂಡು ಬಾ. ಅವರ ಕೈಲೆ ಮತ್ತ ಕಟ್ಟಿಸ್ಕೊಂತೀನಿ.”

“ಬರೂ ಸೋಮವಾರ ಕರಕೊಂಡು ಬರ್ತೀನವ್ವಾ.”

ಸೋಮವಾರಕ್ಕೆ ಪುಣೆಯಿಂದ ಕರೆ ಬಂತು. ಅದೇ ಭಾಷಣ, ಇನ್ನೂ ದೊಡ್ಡ ಸಭೆ. ಅವ್ವ ಎಲ್ಲಿ ಓಡಿಹೋಗುತ್ತಾಳೆ ಎಂದುಕೊಂಡು ಹೋದ. ಆಮೇಲೆ ಲಾತೂರಿನವರು ಕರೆದರು. ಅಲ್ಲಿಗೂ ಹೋದ.

ಕೊನೆಗೊಮ್ಮೆ ಅಯ್ಯನವರನ್ನು ಕರೆದುಕೊಂಡು ಬಂದಾಗ ಅಕ್ಕನಾಗಮ್ಮನಿಗೆ ಜ್ವರ ನೆತ್ತಿಗೇರಿತ್ತು. ದಾಮೋದರರಾವ್ ಕೊಟ್ಟ ಮಾತು ತಪ್ಪಿರಲಿಲ್ಲ. ದಿನಾ ನಸುಕಿಗೆ ನೀರು ಬರುತ್ತಿತ್ತಂತೆ, ಆಕೆ ಜಳಕ ಮಾಡಿ ಬರಿಗೈಯಲ್ಲಿ ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದಳಂತೆ. ಅಯ್ಯನವರು ಮಂತ್ರ ಹೇಳಿ ಆಕೆಯ ಎಡಗೈಯಲ್ಲಿ ಲಿಂಗ ಇಟ್ಟರು. ಬೆರಳು ಮಡಚಿಕೊಳ್ಳಲಿಲ್ಲ.

“ಅವ್ವಾ, ಹಿಡಿ.”

ಧರೆಪ್ಪ ತಾನೇ ಬೆರಳುಗಳನ್ನು ಮಡಚಿದ. ಕೈಬಿಟ್ಟ ಕೂಡಲೇ ತೆರೆದುಕೊಂಡವು. ಮತ್ತೆ ಮಡಚಿ ಹಾಗೇ ಹಿಡಿದು ಕೂತ. ಸಂಜೆ ಜೀವ ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಖಂಡಪ್ಪ ಸಮಾಧಾನ ಹೇಳಿದ: “ಸ್ವಾಮಿ ಸೇವಾದಾಗ ಹೋದ್ಲು ನೋಡು. ಪುಣ್ಯವಂತಿ.”

“ಸೇವಾ ಅಲ್ರಿ ಕಾಕಾ. ವೃದ್ಧಾಶ್ರಮದಾಗ ಇಟ್ಟಿದ್ದೆ. ಆಕೀಗಿ ಏನ್ ಬೇಕು ಅಂತ ಅವರು ಕೇಳಿದ್ರು. ನಾ ಏನೂ ಬ್ಯಾಡ ಅಂದಿದ್ದೆ.”



ಇದನ್ನು ಓದುತ್ತಿರುವವರೇ, ನಿಮ್ಮವರನ್ನು ಆಶ್ರಮದಲ್ಲಿ ಯಾಕೆ ಬಿಟ್ಟಿರಿ ಎಂದು ನಿಮ್ಮನ್ನು ಯಾರೂ ಇಲ್ಲಿ ಕೇಳುತ್ತಿಲ್ಲ. ಸ್ವೀಡನ್ನಿನ ಸುದ್ದಿ ಆಮೇಲೆ ಮಾತಾಡಿ. ನಿಮ್ಮ ತಾಯಿ ಎದ್ದ ಮೇಲೆ, ಬಾಯಿಗೆ ಏನನ್ನೂ ಹಾಕುವ ಮೊದಲು, ಏನು ಮಾಡುತ್ತಿದ್ದಳು? ಅದನ್ನು ಅಲ್ಲಿಯವರಿಗೆ ಹೇಳಿದ್ದೀರಾ? ಹೇಳಿಲ್ಲವಾದರೆ ಈ ಹಾಳೆ ಕೆಳಗಿಡಿ, ಎದ್ದು ಬಸ್ ಹಿಡಿಯಿರಿ. ಸೋಮವಾರ ಅಲ್ಲ, ಇವತ್ತು.