ಫಿಲೋಮಿನಾಬಾಯಿಯ ಬುಟ್ಟಿಯಲ್ಲಿ ಸಿಕ್ಕ ಸರ

ಅನನ್ಯಾ, ನಿಹಾರ್ — ನಾನು ನಿಮಗೆ ಸುಳ್ಳು ಹೇಳಿದೆ. ಕ್ಯಾಸಲ್‌ರಾಕ್ ಘಟ್ಟದ ರೈಲಿನಲ್ಲಿ ನಾನು ಹೋಗಿದ್ದೇನೆ.

ಹೋದ ವಾರ ಅನನ್ಯಾ ಶಾಲೆಯ ಪ್ರಾಜೆಕ್ಟಿಗೆ ಆ ರೈಲನ್ನೇ ಆರಿಸಿಕೊಂಡು, "ಅಜ್ಜಿ, ನೀವು ಅದ್ರಲ್ಲಿ ಹೋಗಿದ್ರಾ?" ಎಂದು ಕೇಳಿದಾಗ, ಇಲ್ಲ ಎಂದು ಎದ್ದು ಅಡುಗೆಮನೆಗೆ ಹೋದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನೀವು ಓದಿದ್ದು ನಿಜ. ಪೋರ್ಚುಗೀಸರ ಗೋವಾದ ಬಂದರಿನಿಂದ ಇಂಗ್ಲಿಷರ ಕಂಪನಿ ಸುರಂಗ ಕೊರೆದು ಘಟ್ಟ ಹತ್ತಿಸಿದ ದಾರಿ ಅದು. ನಾನು ಹುಡುಗಿಯಾಗಿದ್ದಾಗ ಇಂಗ್ಲಿಷರು ಹೋಗಿದ್ದರು, ಪೋರ್ಚುಗೀಸರು ಇನ್ನೂ ಇದ್ದರು. ಘಟ್ಟದ ಕೆಳಗೆ ಒಂದು ದೇಶ, ಮೇಲೆ ಇನ್ನೊಂದು. ಕ್ಯಾಸಲ್‌ರಾಕ್‌ನಲ್ಲಿ ಎಲ್ಲರೂ ಇಳಿದು ಗಂಟುಮೂಟೆ ಬಿಚ್ಚಿ ತೋರಿಸಬೇಕು. ಗೋವಾದಿಂದ ಚಿನ್ನ ತರುವುದು ಅಪರಾಧ.

ಅಕ್ಕನ ಮದುವೆಗೆಂದು ನನ್ನ ಸೋದರತ್ತೆ ಮಡಗಾಂವಿನಲ್ಲಿ ಒಂದು ಚಿನ್ನದ ಸರ ಕೊಂಡಳು. ನನಗೆ ಮೊಗ್ಗಿನ ಜಡೆ ಹಾಕಿ, ಮೊಗ್ಗುಗಳ ಅಡಿಯಲ್ಲಿ ಸರವನ್ನು ದಾರದಿಂದ ಹೊಲಿದಳು. ಹೂ ಮುಡಿದ ಹುಡುಗಿಯ ಜಡೆ ಬಿಚ್ಚಿಸಲು ಯಾವ ಅಧಿಕಾರಿಗೂ ಮನಸ್ಸು ಬರುವುದಿಲ್ಲ — ಅದೇ ಅವಳ ಧೈರ್ಯ. "ತಲೀ ಅಲ್ಲಾಡಿಸಬ್ಯಾಡ, ಗೊಂಬೀ ಹಂಗ ಕೂಡು" ಎಂದಿದ್ದಳು.

ರೈಲಿನಲ್ಲಿ ನಮ್ಮ ಎದುರಿಗೆ ಫಿಲೋಮಿನಾಬಾಯಿ ಎಂಬ ಹೆಂಗಸು ಕೂತಿದ್ದರು. ಲೋಂಡಾದಲ್ಲಿದ್ದ ಮಗಳಿಗೆ ದಿನ ತುಂಬಿತ್ತು, ಅವಳ ಹೆರಿಗೆ ಮಾಡಿಸಲು ಹೊರಟಿದ್ದರು. ಕಾಲ ಬಳಿ ಕೂಸಿನ ಬಟ್ಟೆಗಳ ಬುಟ್ಟಿ. ದೂಧಸಾಗರ ಬಂದಾಗ ಜನ ಕಿಟಕಿಗೆ ಮುಗಿಬಿದ್ದರು; ನನಗೆ ಏನೂ ಕಾಣಲಿಲ್ಲ. ಅವರೇ ಮಡಿಲಿಗೆ ಎತ್ತಿಕೊಂಡು ಜಲಪಾತ ತೋರಿಸಿದರು. ನಾನು ಕುಣಿದೆ, ಕತ್ತು ಚಾಚಿದೆ — ದಾರ ಸಡಿಲಾದದ್ದು ಆಗಲೇ ಇರಬೇಕು.

ಕ್ಯಾಸಲ್‌ರಾಕ್‌ನಲ್ಲಿ ಅವರ ಬುಟ್ಟಿ ಬಿಚ್ಚಿದರೆ, ಕೂಸಿನ ಅಂಗಿಗಳ ನಡುವೆ ಸರ. ಅದಕ್ಕೊಂದು ಮೊಗ್ಗು ಅಂಟಿಕೊಂಡಿತ್ತು. ಅಧಿಕಾರಿ ನನ್ನ ಜಡೆಯನ್ನು ನೋಡಿದ.

"ಏ ಹುಡುಗಿ, ಇದು ನಿಂದೇನು?"

"ಅಲ್ರೀ. ಆ ಬಾಯಿದು. ಅಕಿ ಮುಚ್ಚಿಡೂದು ನಾ ನೋಡೇನಿ."

ಅಷ್ಟು ಹೇಳು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆ ತುಟಿ ಬಿಚ್ಚಿರಲಿಲ್ಲ. ನಾನೇ — ನಾನೊಬ್ಬಳೇ.

"ಖರೆಂ ಸಾಂಗ್, ಬಾಯೆ" ಎಂದರು ಫಿಲೋಮಿನಾಬಾಯಿ. ನಿಜ ಹೇಳಮ್ಮ ಎಂದು. ಬೈಯಲಿಲ್ಲ. ನಾನು ಅತ್ತೆಯ ಸೆರಗಿನ ಹಿಂದೆ ಸರಿದೆ. ಅವರನ್ನು ಒಳಗೆ ಕರೆದೊಯ್ದರು. ರೈಲು ಅವರಿಲ್ಲದೆ ಹೊರಟಿತು. ಆಮೇಲೆ ಅತ್ತೆ ನನ್ನ ಕೆನ್ನೆ ಸವರಿ, "ಭಾಳ ಶಾಣ್ಯಾಕಿ ಅದೀ ನೀ. ಮನಿ ಮರ್ಯಾದಿ ಉಳಿಸಿದಿ" ಎಂದಳು.

ಆ ಹೊಗಳಿಕೆ ಇವತ್ತಿಗೂ —

ಅವರು ಮಗಳ ಬಳಿ ಯಾವಾಗ ತಲುಪಿದರೋ, ತಲುಪಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಮುಂದೆ ಗಡಿ ಮುಚ್ಚಿ ರೈಲೇ ನಿಂತಿತು. ಗೋವಾ ನಮ್ಮದಾದ ಮೇಲೆ ಮತ್ತೆ ಓಡಿತು. ಆಗಲಾದರೂ ಹುಡುಕಬಹುದಿತ್ತು; ಹುಡುಕಲಿಲ್ಲ. ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಮಾತು ಕಡಿಮೆ, ಸಂಕೋಚದವಳು ಎಂದು ಜನ ಅಂದರು. ಹಾಗೆಯೇ ಇರಲಿ ಎಂದು ಬಿಟ್ಟೆ.

ಇವತ್ತು ಬೆಳಿಗ್ಗೆ, ಅಮೆರಿಕದ ಸ್ಯಾನ್ ಮಟಿಯೋದ ಈ ಮನೆಯಲ್ಲಿ, ಅನನ್ಯಾ ತಾನು ಅಂಟಿಸಿದ ಜಲಪಾತದ ಚಿತ್ರ ತೋರಿಸಿದಳು. ಹೇಳಿಬಿಟ್ಟೆ.

"ವೇಟ್, ಅಜ್ಜಿ, ಯು ಲೈಡ್ ಟ್ವೈಸ್?" ಎಂದ ನಿಹಾರ್.

"ಹೂಂ. ಅವತ್ತೊಮ್ಮೆ, ಹೋದ ವಾರ ಒಮ್ಮೆ."

ಅನನ್ಯಾ ಮಾತ್ರ ಕೇಳಿದಳು: "ಅವ್ರ ಹೆಸ್ರೇನು?" ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಸಿವಾಯಿತು. ಕೂತು ದೋಸೆ ತಿಂದೆ. ಈ ಹಗುರ ನನಗೆ ಸಲ್ಲತಕ್ಕದ್ದಲ್ಲ, ಬಲ್ಲೆ — ಆದರೂ ಬಂದಿದೆ.

ಬಾಯಲ್ಲಿ ಹೇಳಿದ್ದನ್ನು ನೀವು ಮರೆತೀರಿ ಎಂದು ಬರೆಯುತ್ತಿದ್ದೇನೆ. ಕನ್ನಡ ಓದಲು ಬರದಿದ್ದರೆ ನಿಮ್ಮಪ್ಪನಿಂದ ಓದಿಸಿಕೊಳ್ಳಿ. ಕ್ಯಾಸಲ್‌ರಾಕ್‌ನ ಆ ಸುಂಕದ ಠಾಣೆಯಲ್ಲಿ ಫಿಲೋಮಿನಾಬಾಯಿಯನ್ನು ಕಳ್ಳಿ ಎಂದು ಬರೆದುಕೊಂಡಿರಬೇಕು. ಅವರು ಕಳ್ಳಿಯಲ್ಲ ಎಂದು ಬರೆದಿರುವುದು ಇಲ್ಲಿ ಮಾತ್ರ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.